ಲಿಫ್ಟಪ್ಪನ ‘ಇವಳೇ’

ಹೆಂಡತಿಯ ಹೆಸರು ಹೇಳಲು ನಾಚುವ ಗಂಡಸರು ಬೀದಿಗೆ ಹತ್ತು ಜನ ಸಿಗುತ್ತಾರೆ. ಆದರೆ ಆ ನಾಚಿಕೆಯನ್ನೇ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಮೂವತ್ತೊಂದು ವರ್ಷ ಊರೆಲ್ಲ ತಿರುಗಿದವನು ನಮ್ಮ ಲಿಫ್ಟಪ್ಪ ಒಬ್ಬನೇ ಇರಬೇಕು.

ಲಿಫ್ಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬಿಡಿ. ಲಿಫ್ಟ್ ರಿಪೇರಿಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದ್ದಕ್ಕೆ ಜನ ಕೊಟ್ಟ ಬಿರುದು. ಐವತ್ತೆಂಟರ ವಯಸ್ಸು, ಗಿಡ್ಡ ಆಳು, ಕುತ್ತಿಗೆಯ ಹಿಂದೆ ಸದಾ ಒಂದು ಗ್ರೀಸಿನ ಗೆರೆ. ಬಾಗಿಲು ಮುಚ್ಚುವ ಸದ್ದು ಕೇಳಿಯೇ ಯಾವ ಕಡೆಯ ರೋಲರ್ ಸವೆದಿದೆ ಎಂದು ಹೇಳಬಲ್ಲವನು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಒಳಗಿದ್ದವರು ಬೊಬ್ಬೆ ಹೊಡೆಯುವಾಗ ಅವನು ಬಾಗಿಲ ಸಂದಿಗೆ ಬಾಯಿಟ್ಟು ಮಾತು ಶುರುಮಾಡುತ್ತಿದ್ದ. ಒಳಗೆ ಎಷ್ಟು ಜನ, ಯಾರಿಗೆ ಬಾಯಾರಿಕೆ, ಯಾರು ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದಾರೆ ಎಂದೆಲ್ಲ ವಿಚಾರಿಸಿ, ಅವರು ನಗಲು ತೊಡಗುವ ಹೊತ್ತಿಗೆ ಲಿಫ್ಟನ್ನು ಮಟ್ಟಕ್ಕೆ ತಂದು ಬಾಗಿಲು ತೆರೆಯುತ್ತಿದ್ದ. ಮಾತಿನಲ್ಲಿ ಅಂಥ ಗಟ್ಟಿಗ. ಆದರೆ ಹೆಂಡತಿಯ ಹೆಸರು ಬಂದರೆ ಬಾಯಿಗೆ ಬೀಗ.

ಮದುವೆಯಾದ ಮೊದಲ ದಿನದಿಂದಲೂ ಅವನು ಅವಳನ್ನು ಕರೆದದ್ದು ‘ಇವಳೇ’ ಎಂದು. ಇವಳೇ, ಟವೆಲ್ ಕೊಡು. ಇವಳೇ, ಬೀಗದ ಕೈ ಎಲ್ಲಿಟ್ಟೆ? ಅವಳು ಅವನನ್ನು ‘ರೀ’ ಎಂದಳು. ಒಂದು ರೀ, ಒಂದು ಇವಳೇ, ಈ ಎರಡರ ನಡುವೆ ಸಂಸಾರದ ಬಂಡಿ ಚೆನ್ನಾಗಿಯೇ ಉರುಳಿತು. ಹೊರಗಿನವರ ಮುಂದೆ ಅವಳು ‘ನಮ್ಮ ಮನೆಯವಳು’. ಮಗಳು ಹುಟ್ಟಿದ ಮೇಲೆ ‘ನಿಮ್ಮಮ್ಮ’. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ನಾಲಿಗೆಗೆ ಸಲೀಸಾಗಿ ಬರುತ್ತಿತ್ತು.

ಹಚ್ಚೆಯ ಕಥೆಯೂ ಅದೇ. ಮದುವೆಯಾದ ಎಂಟನೇ ತಿಂಗಳಿಗೆ ಕೆಲಸ ಕಾಯಂ ಆಯಿತು. ಆ ಹುರುಪಿನಲ್ಲಿ ಅವನು ನೇರ ಬಸ್ ನಿಲ್ದಾಣದ ಬಳಿ ಬ್ಯಾಟರಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಹಚ್ಚೆಯವನ ಮುಂದೆ ತೋಳು ಚಾಚಿ, ಹೆಂಡತಿಯ ಹೆಸರು ಹಾಕು ಎಂದ. ಹೆಸರೇನು ಎಂದು ಹಚ್ಚೆಯವನು ಕೇಳಿದ. ಸುತ್ತ ಐದಾರು ಜನ ಬಸ್ಸಿಗೆ ಕಾಯುವವರು ಬೇರೆ ಕೆಲಸವಿಲ್ಲದೆ ಬಗ್ಗಿ ನೋಡುತ್ತಿದ್ದರು. ಲಿಫ್ಟಪ್ಪ ಎರಡು ಸಲ ಉಗುಳು ನುಂಗಿದ, ಮೂರನೇ ಸಲ ಕೆಮ್ಮಿದ, ಕೊನೆಗೆ ನೆಲ ನೋಡುತ್ತ, ‘ಇವಳೇ ಅಂತ ಬರಿ’ ಎಂದುಬಿಟ್ಟ. ಹೇಳಿದ್ದನ್ನು ಬರೆಯುವುದಷ್ಟೇ ಆ ಪುಣ್ಯಾತ್ಮನ ಕೆಲಸ, ಬರೆದ. ಮೊದಲ ಎರಡು ಅಕ್ಷರ ಮೆತ್ತಗೆ ಹಾಕುತ್ತಿದ್ದವನಿಗೆ, ನೋಡುವವರ ಮುಂದೆ ಗಂಡಸುತನ ತೋರಿಸಲು ನಮ್ಮವನೇ ‘ಗಟ್ಟಿಯಾಗಿ ಒತ್ತಪ್ಪ’ ಎಂದ. ಹಾಗಾಗಿ ಕೊನೆಯ ‘ಳೇ’ ಮಾತ್ರ ಮಾಂಸಕ್ಕಿಳಿದು ಕೂತಿತು.

ಅವತ್ತು ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋಳು ತೋರಿಸಿದಳು. ಹೆಮ್ಮೆಯಿಂದಲೇ ನಗುತ್ತಿದ್ದಾಳೆ ಎಂದು ಅವನು ನಂಬಿದ.

ಆರು ವರ್ಷದ ಹಿಂದೆ ಅವಳು ಹೋದಳು. ಮೂರು ವಾರದ ಕಾಯಿಲೆ, ಅಷ್ಟೇ. ಆಮೇಲಿನ ದಿನಗಳನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ಕಂಡವರಿಗೆ ಗೊತ್ತು. ಮಗಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸಕ್ಕೆ ಸೇರಿ, ಲ್ಯಾಬಿಗೆ ಹತ್ತಿರವೇ ಎರಡು ಕೋಣೆಯ ಮನೆ ಮಾಡಿಕೊಂಡಳು. ಭಾನುವಾರ ಭಾನುವಾರ ಅಪ್ಪ ಅವಳ ಮನೆಗೆ ಹೋಗಿ ನಲ್ಲಿ, ಸ್ವಿಚ್ಚು, ಕಿಟಕಿಯ ಚಿಲಕ ಎಂದು ಕೆಟ್ಟದ್ದನ್ನೂ ಕೆಡದೆ ಇದ್ದದ್ದನ್ನೂ ರಿಪೇರಿ ಮಾಡಿ ಬರುತ್ತಿದ್ದ. ಒಂಟಿ ಬಾಳು ಅವನಿಗೆ ಒಗ್ಗಿಯೇಹೋಗಿತ್ತು, ಕನ್ನಡಕದಂಗಡಿ ಸಿಗುವ ತನಕ.

ಆ ಅಂಗಡಿ ಹಳೆಯ ವ್ಯಾಪಾರದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಅಲ್ಲಿಯ ಲಿಫ್ಟು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಒಂದು ದಿನ ಲಿಫ್ಟಪ್ಪ ಹಸಿರು ವೈರಿನ ಜಾಗಕ್ಕೆ ನೀಲಿ ವೈರು ಸಿಕ್ಕಿಸಿದ್ದನ್ನು ಕಂಡ ಅಂಗಡಿಯವಳು, ಐವತ್ತೆರಡರ ಹೆಂಗಸು, ಅವನನ್ನು ಒಳಗೆ ಕೂರಿಸಿ ಕಣ್ಣು ಪರೀಕ್ಷೆ ಮಾಡಿ, ಲಿಫ್ಟಿಗಿಂತ ಮೊದಲು ನಿಮ್ಮ ಕಣ್ಣಿನ ರಿಪೇರಿ ಆಗಬೇಕು ಎಂದು ಕನ್ನಡಕ ಮಾಡಿಸಿಕೊಟ್ಟಳು. ಅವಳಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, ಅಂಗಡಿ ಮುಚ್ಚೋಕೆ ಟೈಮ್ ಸಿಗಲಿಲ್ಲ ಎನ್ನುವುದು ಅವಳ ಸಿದ್ಧ ಉತ್ತರ. ಕನ್ನಡಕದ ಕಾಲು ಸಡಿಲವಾಯಿತು, ಗಾಜಿಗೆ ಗೀರು ಬಿತ್ತು, ಮೂಗಿನ ಮೇಲೆ ಭಾರವಾಯಿತು ಎಂದು ನೆಪ ಹುಡುಕಿಕೊಂಡು ಲಿಫ್ಟಪ್ಪ ಅಲ್ಲಿಗೆ ಹೋಗತೊಡಗಿದ. ಒಂದೂವರೆ ವರ್ಷದಲ್ಲಿ ನೆಪಗಳು ಮುಗಿದವು. ರಿಜಿಸ್ಟರ್ ಮದುವೆ ಆಗೋಣ ಎಂದು ಅವಳೇ ಬಾಯಿಬಿಟ್ಟು ಹೇಳಿದಳು. ಅವನಾಗಿ ಹೇಳುವವರೆಗೆ ಕಾಯುತ್ತ ಕೂತರೆ ಇಬ್ಬರಿಗೂ ಕಣ್ಣಿನ ಪೊರೆ ಬಂದಿರುತ್ತಿತ್ತು.

ಮಗಳೂ ಒಪ್ಪಿದಳು. ಒಪ್ಪಿದ್ದು ಮಾತ್ರವಲ್ಲ, ಒಂದು ಭಾನುವಾರ ಇಬ್ಬರು ಹೆಂಗಸರೂ ಸೇರಿಕೊಂಡು ಅವನ ಗೊರಕೆಯ ವಿಷಯಕ್ಕೆ ಮುಕ್ಕಾಲು ಗಂಟೆ ನಕ್ಕರು. ಎಲ್ಲ ಸರಿಯಾಗಿಯೇ ಇತ್ತು.

ತಪ್ಪಿದ್ದು ಒಂದು ಸಂಜೆ. ಅವಳ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಂತು ಟ್ಯೂಬ್‌ಲೈಟ್ ಬದಲಿಸುತ್ತಿದ್ದವನು ಕೆಳಗೆ ನೋಡದೆ ಕೈ ಚಾಚಿ, ‘ಇವಳೇ, ಸ್ಕ್ರೂಡ್ರೈವರ್ ಕೊಡು’ ಎಂದುಬಿಟ್ಟ. ಅವಳು ಕೊಟ್ಟಳು. ಸ್ಟೂಲಿನ ಮೇಲಿದ್ದವನು ಮಾತ್ರ ಅದನ್ನು ಹಿಡಿದುಕೊಂಡು ಬಿಗಿಯಬೇಕಾದ ಸ್ಕ್ರೂ ಯಾವುದೆಂದೇ ಮರೆತ. ಆರು ವರ್ಷದಿಂದ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಅದು ಒಬ್ಬಳ ಮಾತಾಗಿತ್ತು. ಅದೇ ಕರೆಗೆ ಈಗ ಇನ್ನೊಬ್ಬಳು ಓಗೊಟ್ಟಿದ್ದಾಳೆ.

ಮಾರನೆಯ ದಿನ ಜೊತೆಗಾರ ಮೆಕ್ಯಾನಿಕ್ ಗಾಯದ ಮೇಲೆ ಬರೆ ಎಳೆದ. ಹೆಸರು ಹಾಕಿಸಿಕೊಂಡವರು ಎರಡನೇ ಮದುವೆಯ ಹೊತ್ತಿಗೆ ಗೋಳಾಡುತ್ತಾರೆ, ನೀನೇ ಪುಣ್ಯವಂತ, ‘ಇವಳೇ’ ಅಂದರೆ ಯಾರಿಗಾದರೂ ಆಗುತ್ತೆ, ಹೊಸಬರಿಗೂ ಫಿಟ್ಟು, ಅಳತೆಯೇ ಬೇಡ ಎಂದು ನಕ್ಕ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಲಿಫ್ಟಪ್ಪ ಮಧ್ಯಾಹ್ನದ ಬ್ರೆಡ್ಡನ್ನು ತಿನ್ನದೆ ಪೊಟ್ಟಣಕ್ಕೇ ಮರಳಿಸಿದ. ಯಾರಿಗಾದರೂ ಆಗುತ್ತೆ! ಅವಳನ್ನು ಬಿಟ್ಟು ಬೇರೆ ಯಾರಿಗೂ ಆಗಬಾರದು ಎಂದೇ ಅಲ್ಲವೇ ಅವತ್ತು ಅಷ್ಟು ನೋವು ತಿಂದದ್ದು? ಹಚ್ಚೆ ಮರೆಯಾಗಬೇಕು ಎಂದು ಅಲ್ಲೇ ನಿರ್ಧರಿಸಿದ.

ಕನ್ನಡಕದಂಗಡಿಯವಳು, ನನಗಾಗಿ ಯಾವ ಅಕ್ಷರವನ್ನೂ ಮುಟ್ಟಬೇಡಿ, ನಾನು ಅದನ್ನು ಮೊದಲ ದಿನವೇ ಭೂತಗನ್ನಡಿ ಹಿಡಿದು ಓದಿದ್ದೇನೆ ಎಂದಳು. ನಿಮಗಾಗಿ ಅಲ್ಲ ಎಂದ. ಹಾಗಾದರೆ ನಿಮ್ಮಿಷ್ಟ ಎಂದು ಅವಳು ಸುಮ್ಮನಾದಳು.

ಮಗಳು ಸುಮ್ಮನಾಗಲಿಲ್ಲ. ಭಾನುವಾರ ಅವಳ ಅಡುಗೆಮನೆಯ ನಲ್ಲಿಯ ವಾಷರ್ ಬದಲಿಸುತ್ತ ಅವನು ವಿಷಯ ತೆಗೆದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

‘ಮದುವೆ ಆಗು, ನಾನು ಬೇಡ ಅನ್ನಲ್ಲ. ಆದ್ರೆ ಅಮ್ಮನ್ನ ಕೈಯಿಂದ ಅಳಿಸಿ ಆಗ್ತೀನಿ ಅಂದ್ರೆ ನನ್ನ ಸಹಿ ಕೇಳ್ಬೇಡ ಅಪ್ಪಾ. ನಾನು ಬರಲ್ಲ.’

ರಿಜಿಸ್ಟ್ರಾರ್ ಮುಂದೆ ಸಾಕ್ಷಿಯ ಜಾಗದಲ್ಲಿ ಮೊದಲ ಸಹಿ ಮಗಳದ್ದೇ ಇರಬೇಕು ಎನ್ನುವುದು ಲಿಫ್ಟಪ್ಪನ ಆಸೆ. ಇರುವುದು ಒಬ್ಬಳೇ ಮಗಳು, ಅವಳು ಬಂದು ನಿಲ್ಲದ ಮದುವೆ ಅವನಿಗೆ ಕದ್ದು ಮಾಡಿಕೊಂಡಂತೆ ಕಾಣುತ್ತಿತ್ತು. ಅಳಿಸುವುದಲ್ಲ ಮಗಳೇ, ಹಾಗಲ್ಲ ಎಂದು ವಿವರಿಸಲು ಹೋದ. ಹನ್ನೊಂದು ಜನ ಸಿಕ್ಕಿಬಿದ್ದ ಲಿಫ್ಟಿನ ಮುಂದೆ ಸರಾಗವಾಗಿ ಬರುವ ಮಾತು ಅಲ್ಲಿ ಬರಲಿಲ್ಲ. ವಾಷರ್ ಹಾಕಿ ಮನೆಗೆ ಬಂದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹದಿನೈದು ದಿನ ಹೀಗೇ ಕಳೆದು, ಹದಿನಾರನೇ ದಿನ ಹಚ್ಚೆ ಅಂಗಡಿಯ ಮೆಟ್ಟಿಲು ಹತ್ತಿದ. ಒಂದು ಸಲ ನೋಡಿಯಾದರೂ ಬರೋಣ ಎಂದುಕೊಂಡಿದ್ದ. ನೋಡಿ ಬರಲು ಹೋದವರು ಸಾಮಾನ್ಯವಾಗಿ ಮಾಡಿಸಿಕೊಂಡೇ ಬರುತ್ತಾರೆ.

ಅಂಗಡಿ ನಡೆಸುತ್ತಿದ್ದವನು ತಲೆ ಬೋಳಿಸಿಕೊಂಡ, ಕಿವಿಯ ತನಕ ಬಳ್ಳಿ ಬರೆಸಿಕೊಂಡ ಮೂವತ್ತರ ಹಚ್ಚೆಗಾರ. ತೋಳು ನೋಡಿ ಅವನು ಹೇಳಿದ್ದಿಷ್ಟು. ಹಳೆಯ ಹಚ್ಚೆಯ ಮೇಲೆ ನೇರವಾಗಿ ಹೊಸದು ಕೂರಿಸಬೇಕಾದರೆ ಅದು ಹಳೆಯದಕ್ಕಿಂತ ಮೂರು ಪಟ್ಟು ದೊಡ್ಡದಾಗಿರಬೇಕು, ಕಗ್ಗಪ್ಪಾಗಿರಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕರಿ ಹಲಗೆ ಹೊತ್ತುಕೊಂಡ ಹಾಗೆ ಆಗುತ್ತದೆ. ಅದರ ಬದಲು ಲೇಸರ್ ಹೊಡೆಸಿ ಹಳೆಯ ಮಸಿಯನ್ನು ತಿಳಿ ಮಾಡಿಕೊಂಡರೆ, ಅದರ ಮೇಲೆ ಸಣ್ಣದಾಗಿ, ಚೊಕ್ಕದಾಗಿ, ಬೇಕಾದ ಚಿತ್ರ ಬರೆಯಬಹುದು. ಪೂರ್ತಿ ಅಳಿಸುವುದಾದರೆ ಹತ್ತು ಸಲ ಬೇಕಾದೀತು, ತಿಳಿ ಮಾಡಲು ಮೂರೇ ಸಲ ಸಾಕು.

ಲೇಸರಿನ ಕೋಣೆ ಹಿಂದುಗಡೆ. ಕಿಟಕಿಗೆ ಕಪ್ಪು ಪರದೆ, ಗೋಡೆಯ ಕನ್ನಡಿಗೆ ಬಟ್ಟೆ, ಒಂದು ಒರಗು ಕುರ್ಚಿ, ಫ್ರಿಜ್ಜಿನಷ್ಟು ದೊಡ್ಡ ಯಂತ್ರ. ಅದನ್ನು ನಡೆಸುವವಳು ಮೊದಲು ಚರ್ಮದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ದಪ್ಪ ಧ್ವನಿಯ ಹೆಂಗಸು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಲೇಸರಮ್ಮ ಎನ್ನುತ್ತಿದ್ದರು. ಅವಳು ಬಂದವರನ್ನು ಯಾಕೆ ತೆಗೆಸುತ್ತೀರಿ ಎಂದು ಕೇಳುತ್ತಿರಲಿಲ್ಲ. ಎಷ್ಟು ಉಳಿಸಲಿ ಎಂದು ಕೇಳುತ್ತಿದ್ದಳು.

ಅವನ ತೋಳಿನ ಮೇಲಿದ್ದದ್ದನ್ನು ಓದಿದ ಲೇಸರಮ್ಮ ನಗಲಿಲ್ಲ. ಅವಳು ಇದಕ್ಕಿಂತ ದೊಡ್ಡದನ್ನು ನೋಡಿದ್ದಳು. ಹಿಂದಿನ ತಿಂಗಳು ಒಬ್ಬ ಬಸ್ ಡ್ರೈವರ್ ‘ತಾಯಿಯೇ ದೇವರು’ ಎಂದು ಹಾಕಿಸಿಕೊಳ್ಳಲು ಹೋಗಿ, ಚೀಟಿಯಲ್ಲಿದ್ದ ಅಕ್ಷರ ಸರಿಯಾಗಿ ಕಾಣದೆ, ಎದೆಯ ಮೇಲೆ ‘ನಾಯಿಯೇ ದೇವರು’ ಹೊತ್ತುಕೊಂಡು ಬಂದಿದ್ದನಂತೆ. ನಾಲ್ಕು ವರ್ಷ ತಾಯಿಯ ಮುಂದೆ ಅಂಗಿ ಬಿಚ್ಚಿರಲಿಲ್ಲವಂತೆ ಪಾಪ. ಅವನ ಒಂದಕ್ಷರ ತಿಳಿಮಾಡಿ ಕಳಿಸಿದೆ ಎಂದಳು. ಲಿಫ್ಟಪ್ಪನಿಗೆ ಸ್ವಲ್ಪ ಧೈರ್ಯ ಬಂತು.

ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ. ತಣ್ಣನೆಯ ಗಾಳಿಯ ಕೊಳವೆ ತೋಳಿನ ಮೇಲೆ ಬುಸುಗುಟ್ಟುತ್ತಿತ್ತು. ಲೇಸರಮ್ಮ ಕಾಲಿನಿಂದ ಪೆಡಲ್ ಒತ್ತಿದಳು, ಚಟ್ ಚಟ್ ಚಟ್ ಎಂದು ಸದ್ದು ಶುರುವಾಯಿತು. ರಬ್ಬರ್ ಬ್ಯಾಂಡನ್ನು ಎಳೆದೆಳೆದು ಒಂದೇ ಜಾಗಕ್ಕೆ ಬಿಟ್ಟ ಹಾಗೆ ಉರಿ. ಅಕ್ಷರಗಳು ನೋಡನೋಡುತ್ತ ಸೀಮೆಸುಣ್ಣದಲ್ಲಿ ಬರೆದಂತೆ ಬೆಳ್ಳಗಾದವು. ಇಷ್ಟು ಬೇಗ ಹೋಯಿತೇ ಎಂದುಕೊಂಡ ಲಿಫ್ಟಪ್ಪ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಎನ್ನಿಸಿತು. ಹದಿನೈದು ನಿಮಿಷದಲ್ಲಿ ಬಿಳುಪು ಆರಿ, ಊದಿದ ಚರ್ಮದಲ್ಲಿ ‘ಇವಳೇ’ ಮೊದಲಿನಂತೆಯೇ ಕಂಡಾಗ ಸಮಾಧಾನದ ಉಸಿರು ಬಿಟ್ಟ. ಮರೆಮಾಡಲು ಬಂದವನೇ ಉಳಿದದ್ದಕ್ಕೆ ಸಂತೋಷಪಟ್ಟರೆ ಏನು ಹೇಳುವುದು!

ಲೇಸರು ಮಸಿಯನ್ನು ಒಡೆದು ಪುಡಿ ಮಾಡುತ್ತದೆ ಅಷ್ಟೇ, ಹೊತ್ತುಕೊಂಡು ಹೋಗುವ ಕೆಲಸ ಮೈಯದ್ದೇ ಎಂದು ಲೇಸರಮ್ಮ ಬ್ಯಾಂಡೇಜ್ ಸುತ್ತುತ್ತ ಹೇಳಿದಳು. ಅದಕ್ಕೆ ಏಳು ವಾರ ಕೊಡಬೇಕು. ಬಿಸಿಲಿಗೆ ಒಡ್ಡಬೇಡಿ, ಗುಳ್ಳೆ ಬಂದರೆ ಒಡೆಯಬೇಡಿ, ತುರಿಸಬೇಡಿ. ಕೊನೆಯದೊಂದನ್ನು ಪಾಲಿಸುವುದು ಲಿಫ್ಟಪ್ಪನಿಗೆ ಬಲು ಕಷ್ಟವಾಯಿತು. ಮಷೀನ್ ರೂಮಿನ ಸೆಕೆಯಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಕೆಲಸ ಮಾಡುವಾಗ ತುರಿಕೆ ಏಳುತ್ತಿತ್ತು, ಅವನು ಬಲಗೈಯಿಂದ ಪಕ್ಕದ ಗೋಡೆಯನ್ನು ತುರಿಸುತ್ತಿದ್ದ.

ಎರಡನೇ ಸಲ ಆದ ಮೇಲೆ ‘ಇ’ ಮಾಯವಾಗುತ್ತ ಬಂತು, ‘ವ’ ಹಳೆಯ ತೊಳೆದ ಬಟ್ಟೆಯ ಮೇಲಿನ ಕಲೆಯಷ್ಟಾಯಿತು. ಗಟ್ಟಿಯಾಗಿ ಒತ್ತಿಸಿಕೊಂಡಿದ್ದ ‘ಳೇ’ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಜೊತೆಗಾರ ಮೆಕ್ಯಾನಿಕ್ ಅದನ್ನು ನೋಡಿ, ‘ಇವಳೇ ಹೋಗಿ ಲೇ ಉಳಿದಿದೆಯಲ್ಲಣ್ಣ, ಇನ್ನು ಹೊಸಬರನ್ನ ಹಾಗೇ ಕರೀತೀಯಾ?’ ಎಂದ. ಈ ಸಲ ಲಿಫ್ಟಪ್ಪನಿಗೂ ನಗು ತಡೆಯಲಾಗಲಿಲ್ಲ. ಕನ್ನಡಕದಂಗಡಿಯಲ್ಲಿ ಹೇಳಿದಾಗ ಅವಳು ‘ಲೇ ಅಂದು ನೋಡಿ ಒಂದ್ಸಲ’ ಎಂದು ಅವನ ನೆತ್ತಿಗೆ ಅಳತೆಪಟ್ಟಿಯಿಂದ ಮೆಲ್ಲಗೆ ಕುಟ್ಟಿದಳು.

ಈ ನಗುವಿನ ನಡುವೆ ಮಗಳ ಮನೆಯ ಭಾನುವಾರಗಳು ಬಿಗಿಯಾಗಿಯೇ ಇದ್ದವು. ಅವಳು ಚಹಾ ಕೊಡುತ್ತಿದ್ದಳು, ಲ್ಯಾಬಿನ ಸುದ್ದಿ ಹೇಳುತ್ತಿದ್ದಳು, ಅಪ್ಪನ ಎಡತೋಳಿನ ಕಡೆ ಮಾತ್ರ ನೋಡುತ್ತಿರಲಿಲ್ಲ. ಮದುವೆಯ ದಿನಾಂಕ ಗೊತ್ತಾಯಿತು ಎಂದಾಗ ಒಳ್ಳೆಯದು ಎಂದಳು. ಬರುತ್ತೀಯಾ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ, ಬರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಮೂರನೇ ಸಲದ ದಿನ ಅವನು ಒರಗು ಕುರ್ಚಿಯಲ್ಲಿ ತೋಳು ಚಾಚಿ ಕೂತಿದ್ದಾಗ ಬಾಗಿಲು ತಟ್ಟಿ ಮಗಳೇ ಒಳಗೆ ಬಂದಳು. ಕನ್ನಡಕದಂಗಡಿಯವಳನ್ನು ಕೇಳಿ ತಿಳಿದು, ಲ್ಯಾಬಿನಿಂದ ಬಿಡುವು ಮಾಡಿಕೊಂಡು ಬಂದಿದ್ದಳು, ಅವಳ ಅಂಗಿಯ ತೋಳಿನ ತುದಿಯಲ್ಲಿ ಹಲ್ಲಿನ ಅಚ್ಚಿನ ಪ್ಲಾಸ್ಟರಿನ ಬಿಳಿ ಪುಡಿ ಇತ್ತು. ಲೇಸರಮ್ಮ ಏನನ್ನೂ ಕೇಳದೆ ಅವಳಿಗೊಂದು ಕಪ್ಪು ಕನ್ನಡಕ ಕೊಟ್ಟು, ತಣ್ಣನೆಯ ಗಾಳಿಯ ಕೊಳವೆ ಹಿಡಿದುಕೊಳ್ಳಲು ಹೇಳಿದಳು. ಕಟ್ಟುಹಲ್ಲು ಮಾಡುವವಳ ಕೈ ಅಲುಗಾಡಲಿಲ್ಲ. ಅಮ್ಮನ ಗುರುತನ್ನು ಹೊಡೆಯುವಾಗ ಅವಳು ಬಗ್ಗಿ, ಸೂಕ್ಷ್ಮ ಕೆಲಸ ನೋಡುವವರಂತೆ ಕೊನೆಯ ತನಕ ನೋಡಿದಳು. ಆಮೇಲೆ, ಇದು ಪೂರ್ತಿ ಹೋಗುತ್ತದೆಯೇ ಎಂದು ಕೇಳಿದಳು.

ಹೋಗುವುದಿಲ್ಲ, ಹೋಗಲಾಡಿಸುವುದೂ ಇಲ್ಲ ಎಂದಳು ಲೇಸರಮ್ಮ. ‘ಮೇಲೆ ಇನ್ನೊಂದು ಕೂರೋಕೆ ಎಷ್ಟು ಬೇಕೋ ಅಷ್ಟೇ ತೆಗೆಯೋದು. ಇಷ್ಟು ಸಾಕು ಇವರಿಗೆ.’

ಅಪ್ಪ ಮಗಳು ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಕೆಳಗೆ ಬೀದಿಯಲ್ಲಿ ಯಾರೋ ತಳ್ಳುಗಾಡಿಯಲ್ಲಿ ಹಳೆಯ ಕುರ್ಚಿಗಳನ್ನು ಸಾಗಿಸುತ್ತಿದ್ದರು. ಬ್ಯಾಂಡೇಜಿನ ತುದಿ ಬಿಚ್ಚಿಕೊಂಡಿದ್ದನ್ನು ಮಗಳು ಸರಿಮಾಡಿದಳು. ಅಷ್ಟು ಹೊತ್ತಿಗೆ ಅವನಿಗೆ ಮಾತು ಸಿಕ್ಕಿತು. ಸ್ಟೂಲು, ಟ್ಯೂಬ್‌ಲೈಟು, ಸ್ಕ್ರೂಡ್ರೈವರು ಎಲ್ಲ ಹೇಳಿದ. ಜೊತೆಗಾರ ಆಡಿದ ಮಾತನ್ನೂ ಹೇಳಿದ.

‘ಆ ಮಾತು ನಿಮ್ಮಮ್ಮಂದು. ನಾಳೆ ಯಾರಾದ್ರೂ ಇದನ್ನ ಓದಿ ಕನ್ನಡಕದಂಗಡಿಯವ್ರ ಕಡೆ ನೋಡಿದ್ರೆ, ಅವಳ ಮಾತು ಇವರಿಗೆ ಹೋಗ್ಬಿಡುತ್ತೆ. ಅದು ಆಗ್ಬಾರದು ಅಂತ, ಅಷ್ಟೇ ಕಣಮ್ಮ.’

ಮಗಳು ಅಂಗಿಯ ತೋಳಿನ ಬಿಳಿ ಪುಡಿ ಕೊಡವಿದಳು. ಅವನ ಮುಖ ನೋಡದೆಯೇ ಮಾತಾಡಿದಳು.

‘ಅಮ್ಮಂಗೆ ಅದು ಇಷ್ಟಾನೇ ಇರ್ಲಿಲ್ಲ ಅಪ್ಪಾ. ಆಸ್ಪತ್ರೆಲಿ ನಂಗೆ ಹೇಳಿದ್ಲು. ನರ್ಸು, ಡಾಕ್ಟ್ರು, ಕಸ ಗುಡಿಸೋಳು ಎಲ್ಲ ಹೆಸರು ಹಿಡಿದು ಕರೀತಾರೆ, ಎಷ್ಟು ಚೆನ್ನಾಗಿ ಕೇಳ್ಸುತ್ತೆ ನೋಡು, ನಿಮ್ಮಪ್ಪ ಒಂದೇ ಒಂದ್ಸಲ ಕರೀಲಿಲ್ಲ ಅಂತ. ನಗ್ತಾನೇ ಹೇಳಿದ್ಲು. ನಿಂಗೆ ಹೇಳ್ಬೇಡ ಅಂದಿದ್ಲು.’

ಲಿಫ್ಟಪ್ಪ ತೋಳು ನೋಡಿಕೊಂಡ. ಬ್ಯಾಂಡೇಜಿನಡಿ ಉರಿಯುತ್ತಿತ್ತು. ಇಪ್ಪತ್ತೈದು ವರ್ಷ ಅವಳ ಪಕ್ಕದಲ್ಲೇ ಇದ್ದು, ಸಾವಿರ ಸಲ ಕರೆದು, ಒಂದು ಸಲವೂ ಕರೆಯದೆ ಕಳಿಸಿಬಿಟ್ಟೆನಲ್ಲ ಎಂದು ಅವನಿಗೆ ಅಳು ಬಂತು. ಅತ್ತ. ಮಗಳು ಅವನ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು. ಆಮೇಲೆ ಲ್ಯಾಬಿಗೆ ಹೊತ್ತಾಯಿತು ಎಂದು ಎದ್ದು ಹೋದಳು. ಮದುವೆಗೆ ಬರುವ ವಿಷಯ ಅವತ್ತೂ ಇಬ್ಬರ ಬಾಯಲ್ಲೂ ಬರಲಿಲ್ಲ.

ಅವತ್ತು ಸಂಜೆ ಕನ್ನಡಕದಂಗಡಿಯವಳಿಗೆ ಇದೆಲ್ಲ ಹೇಳಿದಾಗ ಅವಳು ಲೆನ್ಸು ಒರೆಸುವುದನ್ನು ಬಿಟ್ಟು ಕಿವಿಗೊಟ್ಟಳು. ಉಪದೇಶ ಮಾಡುವ ಜಾತಿಯಲ್ಲ ಅವಳು. ಹಾಗಾದರೆ ನನ್ನನ್ನಾದರೂ ಹೆಸರು ಹಿಡಿದು ಕರೆಯಲು ಕಲಿಯಿರಿ, ಇನ್ನೂ ಮೂರು ತಿಂಗಳಿದೆ ಎಂದಳು. ಲಿಫ್ಟಪ್ಪ ಒಪ್ಪಿಕೊಂಡ. ಒಪ್ಪುವುದು ಸುಲಭ. ಅವಳ ಎದುರಿಗೆ ನಿಂತು ಬಾಯಿ ತೆರೆದರೆ ಕಿವಿ ಕೆಂಪಾಗುತ್ತಿತ್ತು, ಮಾತು ‘ಅದೇ ಕಣ್ರೀ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಮಷೀನ್ ರೂಮಿನಲ್ಲಿ ಒಬ್ಬನೇ ಇದ್ದಾಗ ರಾಟೆಯ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡಿದ. ಕೊನೆಗೆ ಒಂದು ದಿನ ಆ ಹಳೆಯ ಲಿಫ್ಟೇ ದಾರಿ ತೋರಿಸಿತು. ಎರಡು ಮತ್ತು ಮೂರನೇ ಮಹಡಿಯ ನಡುವೆ ಅದು ನಿಂತುಬಿಟ್ಟಿತು, ಒಳಗೆ ಅವಳೊಬ್ಬಳೇ. ಲಿಫ್ಟಪ್ಪ ಬಂದು ಎಂದಿನಂತೆ ಬಾಗಿಲ ಸಂದಿಗೆ ಬಾಯಿಟ್ಟ. ಮುಖ ಕಾಣುತ್ತಿರಲಿಲ್ಲ. ಹೆಸರು ತಾನಾಗಿಯೇ ಬಂತು. ಒಳಗಿನಿಂದ ‘ಓ’ ಎಂದು ಉತ್ತರ ಬಂತು. ಅವನು ಮತ್ತೆ ಕರೆದ, ಅವಳು ಮತ್ತೆ ಓಗೊಟ್ಟಳು. ಐದು ನಿಮಿಷದಲ್ಲಿ ಸರಿಹೋಗುವ ಲಿಫ್ಟು ಅವತ್ತು ಇಪ್ಪತ್ತು ನಿಮಿಷ ತೆಗೆದುಕೊಂಡಿತು ಎಂದು ಕೆಳಗೆ ಕಾದಿದ್ದ ಬಾಡಿಗೆದಾರರು ದೂರು ಕೊಟ್ಟರು.

ಎರಡು ತಿಂಗಳು ಚರ್ಮ ಆರಲು ಬಿಟ್ಟು, ಹೊಸ ಹಚ್ಚೆ ಹಾಕಿಸಿಕೊಳ್ಳಲು ಹೋದ. ಸಿಂಹ, ಹದ್ದು, ಗುಲಾಬಿ ಎಂದು ಹಚ್ಚೆಗಾರ ಪುಸ್ತಕ ತಿರುವಿಹಾಕಿದ. ಲಿಫ್ಟಪ್ಪ ತನ್ನ ಕಿಸೆಯಿಂದ ಚೀಟಿ ತೆಗೆದು, ಲಿಫ್ಟಿನ ತಲೆಯ ಮೇಲೆ ತಿರುಗುವ ರಾಟೆಯ ಚಿತ್ರ ತೋರಿಸಿದ, ಅಂಚಿನಲ್ಲಿ ಐದು ತೋಡು, ಅವುಗಳಲ್ಲಿ ಐದು ಹಗ್ಗ, ಅಳತೆ ಸಮೇತ. ಹಚ್ಚೆಗಾರ ಖುಷಿಯಿಂದ ಕುಣಿಯುವುದೊಂದು ಬಾಕಿ. ವರ್ಷಕ್ಕೆ ನಲವತ್ತು ಸಿಂಹ ಬರೆದು ಅವನಿಗೂ ಸಾಕಾಗಿಹೋಗಿತ್ತು. ಉಳಿದಿದ್ದ ‘ಳೇ’ಯ ಮೇಲೆ ರಾಟೆಯ ಅಂಚಿನ ನೆರಳು ಕೂರುವಂತೆ ಜಾಗ ನೋಡಿ, ಮೂರು ಗಂಟೆ ಕೂತು ಬರೆದ. ಮುಗಿದಾಗ ಹಳೆಯ ಅಕ್ಷರ ಇತ್ತೆಂದು ಗೊತ್ತಿದ್ದವರಿಗೂ ಹುಡುಕಿದರೆ ಸಿಗುತ್ತಿರಲಿಲ್ಲ. ಲೇಸರಮ್ಮ ಬಂದು ನೋಡಿ, ನನ್ನ ಪಾಲಿನ ಕೆಲಸ ಎಲ್ಲೂ ಕಾಣುವುದಿಲ್ಲ, ಅಂದರೆ ಚೆನ್ನಾಗಿದೆ ಎಂದಳು.

ರಿಜಿಸ್ಟ್ರಾರ್ ಕಚೇರಿ ಎರಡನೇ ಮಹಡಿಯ ಉದ್ದನೆಯ ಕೋಣೆ. ಒಂದಕ್ಕೊಂದು ಸರಳಿನಿಂದ ಬಿಗಿದ ಕುರ್ಚಿಗಳು, ಕಡತಗಳ ಗೋಡೆ, ಮುಂದಿನ ಮೇಜಿನಲ್ಲಿ ಗುಮಾಸ್ತೆ. ಕನ್ನಡಕದಂಗಡಿಯವಳ ಕಡೆಯಿಂದ ಅವಳ ತಂಗಿ, ತಂಗಿಯ ಗಂಡ ಬಂದಿದ್ದರು. ಇವನ ಕಡೆಯಿಂದ ಜೊತೆಗಾರ ಮೆಕ್ಯಾನಿಕ್. ಸಾಕ್ಷಿಗೆ ಮೂವರು ಸಾಕು, ಕೆಲಸ ನಿಲ್ಲುವುದಿಲ್ಲ ಎಂದು ಗುಮಾಸ್ತೆ ಹೇಳಿದಳು. ಲಿಫ್ಟಪ್ಪ ತಲೆಯಾಡಿಸಿದ. ಆದರೂ ಅರ್ಧ ಗಂಟೆಯಿಂದ ಅವನ ಕಣ್ಣೆಲ್ಲ ಬಾಗಿಲಿನ ಮೇಲೆ. ಹಿಂದಿನ ಭಾನುವಾರ ಹೊಸ ಹಚ್ಚೆಯನ್ನು ಮಗಳು ನೋಡಿದ್ದಳು, ಬೆರಳಿನಿಂದ ಮುಟ್ಟಿದ್ದಳು, ಚೆನ್ನಾಗಿದೆ ಎಂದಿದ್ದಳು. ಅದಕ್ಕಿಂತ ಹೆಚ್ಚು ಏನೂ ಹೇಳಿರಲಿಲ್ಲ.

ಅರ್ಜಿಯನ್ನು ಕನ್ನಡಕದಂಗಡಿಯವಳೇ ದುಂಡಗಿನ ಅಕ್ಷರದಲ್ಲಿ ತುಂಬಿದ್ದಳು. ಗುಮಾಸ್ತೆ ಪೆನ್ನಿನ ತುದಿ ಆಡಿಸುತ್ತ ಓದಿಕೊಂಡು ಬಂದು ಒಂದು ಕಡೆ ನಿಂತಳು.

‘ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ. ತೀರಿಹೋದ ಹೆಂಡತಿ ಹೆಸರು?’

‘ಅದು ನಂಗೆ ಗೊತ್ತಿಲ್ಲ ಮೇಡಂ’ ಎಂದಳು ಕನ್ನಡಕದಂಗಡಿಯವಳು. ‘ಇವ್ರು ಇದುವರೆಗೆ ಹೇಳಿಲ್ಲ.’ ಅದರಲ್ಲಿ ದೂರು ಇರಲಿಲ್ಲ. ಅವಳು ಅವನ ಕಡೆ ತಿರುಗಿದಳು.

ಲಿಫ್ಟಪ್ಪ ಕನ್ನಡಕ ಸರಿಮಾಡಿಕೊಂಡ. ಇಲ್ಲಿ ಮರೆಗೆ ಬಾಗಿಲಿಲ್ಲ, ಸದ್ದಿಗೆ ರಾಟೆಯಿಲ್ಲ. ಜೊತೆಗಾರ, ನಾದಿನಿಯಾಗುವವಳು, ಹಿಂದಿನ ಸಾಲಿನಲ್ಲಿ ಸರದಿಗೆ ಕಾದವರು ಎಲ್ಲ ನೋಡುತ್ತಿದ್ದರು. ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ತಲೆ ತಗ್ಗಿಸಲಿಲ್ಲ. ಮೂರಕ್ಷರದ ಆ ಹೆಸರನ್ನು ಗಟ್ಟಿಯಾಗಿ ಹೇಳಿದ.

ಗುಮಾಸ್ತೆ ಬರೆಯತೊಡಗಿ ಪೆನ್ನು ನಿಲ್ಲಿಸಿದಳು. ‘ಎರಡನೇ ಅಕ್ಷರ ದೀರ್ಘಾನಾ, ಹ್ರಸ್ವಾನಾ?’

‘ದೀರ್ಘ’ ಎಂದು ಬಾಗಿಲ ಕಡೆಯಿಂದ ಉತ್ತರ ಬಂತು.

ಮಗಳು ನಿಂತಿದ್ದಳು, ಕೈಯಲ್ಲಿ ಹೆಲ್ಮೆಟ್. ಯಾವಾಗ ಬಂದಳೋ ಯಾರಿಗೂ ಗೊತ್ತಿಲ್ಲ. ಕುರ್ಚಿಗಳ ಸಾಲು ದಾಟಿ ಬಂದು ಅಪ್ಪನ ಪಕ್ಕ ನಿಂತು, ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡಳು. ಆದರೆ ಹಾಕಲಿಲ್ಲ.

‘ಇನ್ನೊಂದ್ಸಲ ಹೇಳಪ್ಪಾ.’

ಬೇಕಿಲ್ಲಮ್ಮ, ನಾನು ಬರೆದುಕೊಂಡಾಯಿತು ಎಂದಳು ಗುಮಾಸ್ತೆ.

‘ನಂಗೆ’ ಎಂದಳು ಮಗಳು.

ಅವನು ಹೇಳಿದ, ಎರಡನೇ ಅಕ್ಷರವನ್ನು ಎಷ್ಟು ಎಳೆಯಬೇಕೋ ಅಷ್ಟೂ ಎಳೆದು. ಮಗಳು ಕಣ್ಣೊರೆಸಿಕೊಂಡು ಮೊದಲನೇ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು.